ಹಳೇ ಹತ್ತಿ ಗಿರಣಿಯಲ್ಲಿ ನಾಟಕ ಕಟ್ಟುತ್ತಿದ್ದೇವೆ, ಅಲ್ಲಿ ದುಡಿದವರ ಮಾತನ್ನು ಹೇಗೆ ಬಳಸಬೇಕು?

ಬೆಟಗೇರಿ ಸೊಸೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಗದಗದಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ತಂಡ ಇದೆ. ಶಾಲೆ ಟೀಚರ್, ಕಿರಾಣಿ ಅಂಗಡಿಯವರು, ಬಸ್ ಕಂಡಕ್ಟರ್, ನೇಕಾರರು, ಕಾಲೇಜು ಹುಡುಗ ಹುಡುಗಿಯರು, ಮನೆ ನೋಡಿಕೊಳ್ಳುವ ನನ್ನಂಥವರು, ಎಲ್ಲ ಇದ್ದೇವೆ. ಈ ಸಲ ರಂಗಮಂದಿರ ಬೇಡ, ಊರಲ್ಲೇ ಒಂದು ಜಾಗ ಹಿಡಿದು ಆ ಜಾಗದಿಂದಲೇ ನಾಟಕ ಹುಟ್ಟಿಸೋಣ ಅಂತ ಮಾತಾಯಿತು. ಊರ ಅಂಚಿನಲ್ಲಿ ಬಹಳ ವರ್ಷದಿಂದ ಬೀಗ ಬಿದ್ದ ಜಿನ್ನಿಂಗ್ ಗಿರಣಿ ಇದೆ. ಹತ್ತಿಯಿಂದ ಕಾಳು ಬೇರೆ ಮಾಡಿ ಅರಳೆಯ ಅಂಡಿಗೆ ಕಟ್ಟುತ್ತಿದ್ದ ಜಾಗ. ಮಾಲೀಕರ ಮನೆಯವರು ಖುಷಿಯಿಂದ ಕೀಲಿ ಕೊಟ್ಟರು.

ನೋಡುವವರು ಒಂದೇ ಕಡೆ ಕೂರುವುದಿಲ್ಲ, ನಮ್ಮ ಜೊತೆ ನಡೆಯುತ್ತಾರೆ. ಗೇಟಿನಲ್ಲಿ ಶುರು. ಆಮೇಲೆ ತೂಕದ ಕಾಟಾ, ಹತ್ತಿ ಒಣಗಿಸುವ ಅಂಗಳ, ಯಂತ್ರದ ಮನೆ, ಕೊನೆಗೆ ಬೇವಿನ ಕಟ್ಟೆ. ಬಿಸಿಲು ಇಳಿಯುವಾಗ ಶುರುವಾಗಿ ಕತ್ತಲಾದ ಮೇಲೆ ಮುಗಿಯಬೇಕು ಅಂತ ಲೆಕ್ಕ.

ಕಥೆಗಾಗಿ ಅಲ್ಲಿ ದುಡಿದ ಹೆಣ್ಣುಮಕ್ಕಳ ಮನೆಗೆ ಹೋಗಿ ಕೂತೆವು. ಈಗ ಎಲ್ಲರೂ ಅಜ್ಜಿಯರು. ಭೋಂಗಾ (ಗಿರಣಿಯ ಸೈರನ್) ಆದ ಮೇಲೆ ಬಂದರೆ ಅರ್ಧ ದಿನದ ಪಗಾರ ಕಡಿಯುತ್ತಿದ್ದದ್ದು, ಕೂಸನ್ನು ಅರಳೆ ರಾಶಿಯ ಪಕ್ಕ ಮಲಗಿಸಿ ಕೆಲಸ ಮಾಡಿದ್ದು, ಧೂಳಿನ ಕೆಮ್ಮು, ಕೆಲಸದ ನಡುವೆ ಹಾಡಿದ ಹಾಡು, ಎಲ್ಲ ಬಿಚ್ಚಿ ಹೇಳಿದರು. ಹೊರಡುವಾಗ ಒಬ್ಬ ಅಜ್ಜಿಯ ಮಗ ಬಾಗಿಲಲ್ಲಿ ನಿಲ್ಲಿಸಿ ಕೇಳಿದರು: "ನಮ್ಮವ್ವ ಪಟ್ಟ ಕಷ್ಟಾನ ನೀವು ನಾಟಕಾ ಮಾಡಿ ಚಪ್ಪಾಳಿ ಹೊಡಸ್ಕೋತೀರಿ. ಅದರಾಗ ಆಕಿಗೇನು ಬಂತ್ರೀ?"

ಇದೊಂದು. ಇನ್ನೊಂದು ತಂಡದ ಒಳಗಿನದು. ಹಿರಿಯರೊಬ್ಬರು "ಒಳ್ಳೆಯ ಐತಿಹಾಸಿಕ ನಾಟಕ ತಗೊಂಡು, ಮೈಕು ಲೈಟು ಹಾಕಿ ಗಿರಣಿ ಅಂಗಳದಲ್ಲಿ ಆಡೋಣ, ಜನ ಬರುತ್ತಾರೆ" ಅನ್ನುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಜಾಗದ್ದೇ ನಾಟಕ ಆಗಬೇಕು. ಆದರೆ ಆ ಮಗನ ಪ್ರಶ್ನೆಗೆ ಉತ್ತರ ಸಿಗದೆ ಮುಂದೆ ಹೋಗಲು ಮನಸ್ಸಿಲ್ಲ. ಇಂಥ ಕೆಲಸ ಮಾಡಿದವರು ಹೇಳಿ.

ಹಳೇ ಹುಬ್ಬಳ್ಳಿ
ಯಾವ ಗಿರಣಿ ಅಕ್ಕಾ? ಸ್ಟೇಷನ್ ಕಡೆದಾ?

ಬೆಟಗೇರಿ ಸೊಸೆ
ಹೆಸರು ಇಲ್ಲಿ ಬೇಡ ಅಣ್ಣ. ಅವರನ್ನು ಕೇಳದೆ ಹಾಕುವುದು ಸರಿಯಲ್ಲ.

ಕಾಲ್ಪೆಟ್ಟಿಗೆ ಮಾಸ್ತರ
ನಿಮ್ಮ ತಂಡದ ಹಿರಿಯರು ಹೇಳಿದ್ದೇ ಸರಿ ಅಂತ ನನ್ನ ಮಾತು. ಗದಗ ಅಂದರೆ ಯಾವ ಊರು? 1870ರ ದಶಕದಲ್ಲಿ ಶಾಂತಕವಿಗಳು ಕೃತಪುರ ನಾಟಕ ಮಂಡಳಿ ಕಟ್ಟಿ ಕನ್ನಡ ನಾಟಕಕ್ಕೆ ಬಾಗಿಲು ತೆರೆದ ಊರು. ಗರುಡ ಸದಾಶಿವರಾಯರು ಕಂಪನಿ ಕಟ್ಟಿ ಬೆಳೆಸಿದ ಊರು. ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಊಟಕ್ಕೆ ದಾರಿ ಬೇಕಾದಾಗ ಗವಾಯಿಗಳು ಕಟ್ಟಿದ್ದೂ ನಾಟಕ ಕಂಪನಿಯನ್ನೇ. ಅಲ್ಲಿ ಪಡದೆ ಇತ್ತು, ಸೀನರಿ ಇತ್ತು, ನಾಂದಿ ಇತ್ತು, ಹಾರ್ಮೋನಿಯಂ ಪೆಟ್ಟಿಗೆ, ತಬಲಾ ಇತ್ತು. ನಟ ಪಡದೆಯ ಹಿಂದೆ ಒಂದು ಗಳಿಗೆ ನಿಂತು ಬೇರೆ ಮನುಷ್ಯನಾಗಿ ಹೊರಗೆ ಬರುತ್ತಾನೆ. ಆ ಪಡದೆ ತೆಗೆದರೆ ಉಳಿಯುವುದು ಭಾಷಣ. ಜನ ನಡೆಯುತ್ತಾ ನೋಡಿದರೆ ಗಮನ ಎಲ್ಲಿರುತ್ತದೆ? ಕಾಲ ಕೆಳಗೋ, ಮೊಬೈಲಿನಲ್ಲೋ. ನಟನ ಮೇಲಂತೂ ಇರುವುದಿಲ್ಲ.

ಜಗ್ಗಲಿಗೆ
ಮಾಸ್ತರ್, ನಿಮ್ಮ ಬಗ್ಗೆ ಗೌರವ ಇದೆ, ಆದರೆ ಈ ಮಾತು ಒಪ್ಪುವುದಿಲ್ಲ. ಕಂಪನಿ ನಾಟಕ ಬರುವ ಮುಂಚೆ ನಮ್ಮ ಕಡೆ ಜನ ನಾಟಕ ನೋಡಿಲ್ವಾ? ದೊಡ್ಡಾಟ, ಸಣ್ಣಾಟ, ಪಾರಿಜಾತ, ಎಲ್ಲ ಬಯಲಲ್ಲೇ ಆಡಿದ್ದು. ರಾತ್ರಿಯಿಡೀ ಜನ ಕದಲದೆ ನೋಡಿದ್ದಾರೆ.

ಕಾಲ್ಪೆಟ್ಟಿಗೆ ಮಾಸ್ತರ
ದೊಡ್ಡಾಟಕ್ಕೂ ಅಟ್ಟ ಕಟ್ಟುತ್ತಾರೆ ತಮ್ಮಾ. ಹಿಮ್ಮೇಳಕ್ಕೆ ಜಾಗ ಬೇರೆ, ವೇಷ ಹಚ್ಚುವ ಜಾಗ ಬೇರೆ. ಕಥೆ ಭಾರತದ್ದೋ ರಾಮಾಯಣದ್ದೋ. ಈ ಊರಲ್ಲಿ ಆಡಿದ್ದನ್ನೇ ಮುಂದಿನ ಊರಲ್ಲಿ ಆಡಬಹುದು. ಇವರು ಮಾಡಲು ಹೊರಟಿರುವುದು ಅದಲ್ಲ. ಗಿರಣಿ ಬಿಟ್ಟರೆ ಬೇರೆಲ್ಲೂ ನಿಲ್ಲದ ನಾಟಕ. ಎರಡನ್ನೂ ಒಂದೇ ಅನ್ನಬೇಡ.

ಜಗ್ಗಲಿಗೆ
ಅದು ನಿಜ. ದೊಡ್ಡಾಟದ ಮಾತು ಬಿಡೋಣ. ಜೋಕುಮಾರನ ಬಗ್ಗೆ ಏನು ಹೇಳುತ್ತೀರಿ? ಭಾದ್ರಪದದಲ್ಲಿ ಗಣಪ ಹೋದ ಮೇಲೆ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಜೋಕುಮಾರನನ್ನು ಕೂರಿಸಿಕೊಂಡು ಹೆಣ್ಣುಮಕ್ಕಳು ಓಣಿ ಓಣಿ ತಿರುಗುತ್ತಾರೆ. ಪ್ರತಿ ಮನೆ ಮುಂದೆ ಹಾಡು. ಅಟ್ಟ ಇಲ್ಲ, ಪಡದೆ ಇಲ್ಲ, ಹೊಸ್ತಿಲೇ ರಂಗ. ನಮ್ಮ ಹುಬ್ಬಳ್ಳಿಯಲ್ಲಿ ಹೋಳಿ ಬಂದರೆ ಓಣಿಗೊಂದು ರತಿ ಕಾಮರ ಜೋಡಿ. ರಂಗಪಂಚಮಿ ತನಕ ಜಗ್ಗಲಿಗೆ, ಹಲಗೆ, ಸೋಗು. ಓಣಿಯ ತಿರುವು ನೋಡಿ ಮೇಳ ನಿಲ್ಲುತ್ತದೆ, ಅಗಲ ನೋಡಿ ಕುಣಿತ ಬದಲಾಗುತ್ತದೆ. ಇದೆಲ್ಲ ಜಾಗ ಹೇಳಿದಂತೆ ಕೇಳುವ ಆಟ ಅಲ್ವಾ?

ಕಾಲ್ಪೆಟ್ಟಿಗೆ ಮಾಸ್ತರ
ಅದು ಹಬ್ಬ. ನಾಟಕ ಅಲ್ಲ.

ಧಾರವಾಡ ಮಳೆ
ಇಬ್ಬರೂ ಸ್ವಲ್ಪ ನಿಲ್ಲಿ. ಜನ ನಡೆದರೆ ಗಮನ ಹೋಗುತ್ತದೆ ಅನ್ನುವ ಮಾತಿಗೆ ಉತ್ತರ ಬೇರೆ ಕಡೆ ಇದೆ. ಕಾಶಿ ಹತ್ತಿರದ ರಾಮನಗರದಲ್ಲಿ ರಾಮಲೀಲೆ ಒಂದು ತಿಂಗಳು ನಡೆಯುತ್ತದೆ. ಅಯೋಧ್ಯೆ ಒಂದು ಕಡೆ, ಲಂಕೆ ಮೈಲಿಗಟ್ಟಲೆ ದೂರ. ಸಾವಿರಾರು ಜನ ಪಾತ್ರಗಳ ಹಿಂದೆ ನಡೆಯುತ್ತಾರೆ. ಮೈಕ್ ಇಲ್ಲ. ನಮ್ಮಲ್ಲೇ 2010ರಲ್ಲಿ ಮೈಸೂರು ರಂಗಾಯಣದವರು ಮಲೆಗಳಲ್ಲಿ ಮದುಮಗಳು ಮಾಡಿದಾಗ ರಾತ್ರಿಯಿಡೀ ನಾಟಕ, ಬಯಲಲ್ಲಿ ಬೇರೆ ಬೇರೆ ರಂಗಗಳು, ಜನ ಚಾದರ ಹೊದ್ದುಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗಿ ನೋಡಿದರು. ಗಮನ ಹೋಗಲಿಲ್ಲ. ನಡೆಯುವಾಗ ಕೇಳಿದ್ದನ್ನು ಮೆಲುಕು ಹಾಕಲು ಸಮಯ ಸಿಗುತ್ತದೆ.

ಆದರೆ ಮಾಸ್ತರರ ಒಂದು ಮಾತು ನಾನು ಹಿಡಿದುಕೊಳ್ಳುತ್ತೇನೆ. ಪಡದೆ ಮಾಡುವ ಕೆಲಸವನ್ನು ಬೇರೆ ಯಾವುದೋ ಮಾಡಲೇಬೇಕು. ನಿಮ್ಮ ಗಿರಣಿಯಲ್ಲಿ ಬಾಗಿಲುಗಳಿವೆ. ಜನರನ್ನು ಬಾಗಿಲ ಈ ಕಡೆ ಸ್ವಲ್ಪ ಹೊತ್ತು ಕಾಯಿಸಿ, ಆಮೇಲೆ ತೆರೆಯಿರಿ.

ದನಿ ಸೆಟ್
ಮೈಕ್ ಬಗ್ಗೆ ಬರೆಯುತ್ತೇನೆ. ಮದುವೆ, ಜಾತ್ರೆ, ಸಭೆಗಳಿಗೆ ಸೌಂಡ್ ಹಾಕುವುದೇ ನನ್ನ ಕೆಲಸ. ಆದರೂ ನಿಮಗೆ ಮೈಕ್ ಬೇಡ ಅಂತಲೇ ಹೇಳುತ್ತೇನೆ.

ಬಯಲಲ್ಲಿ ಸುತ್ತ ಗೋಡೆ ಇಲ್ಲದಿದ್ದರೆ, ದೂರ ಎರಡು ಪಟ್ಟಾದಾಗಲೆಲ್ಲ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗಂಟಲು ಹರಿದುಕೊಂಡರೆ ಅದು ಸರಿಹೋಗುವುದಿಲ್ಲ. ನಟನ ಬೆನ್ನಿಗೆ ಗಟ್ಟಿ ಗೋಡೆ ಇರಲಿ, ದನಿ ಮುಂದಕ್ಕೆ ಬರುತ್ತದೆ. ಗಾಳಿ ನಟನ ಕಡೆಯಿಂದ ಜನರ ಕಡೆ ಬೀಸಬೇಕು. ಎದುರು ಗಾಳಿ ಇದ್ದರೆ ದನಿ ಮೇಲಕ್ಕೆ ಬಾಗಿ ಹೋಗಿಬಿಡುತ್ತದೆ, ಹಿಂದಿನವರಿಗೆ ಬರೀ ಬಾಯಿ ಆಡುವುದು ಕಾಣುತ್ತದೆ. ಗದಗದ ಗಾಳಿ ಗೊತ್ತಲ್ವಾ, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ತಾಲೀಮು ನಾಟಕದ ಹೊತ್ತಿಗೇ ಮಾಡಿ, ಮಧ್ಯಾಹ್ನ ಮಾಡಿದರೆ ಏನೂ ತಿಳಿಯುವುದಿಲ್ಲ.

ಕತ್ತಲಾದ ಮೇಲೆ ನೆಲದ ಹತ್ತಿರದ ಗಾಳಿ ತಣ್ಣಗಾಗುತ್ತದೆ. ಆಗ ದನಿ ನೆಲದ ಕಡೆ ಬಾಗಿ ದೂರ ಹೋಗುತ್ತದೆ. ರಾತ್ರಿ ಪಕ್ಕದ ಊರಿನ ಭಜನೆ ಕೇಳುವುದು ಇದೇ ಕಾರಣಕ್ಕೆ. ಹಾಗಾಗಿ ಮೆಲ್ಲಗೆ ಆಡುವ ಮಾತುಗಳನ್ನು ಕೊನೆಗೆ ಇಡಿ. ಬೆಳಕಿರುವಾಗ ಹಲಗೆ, ಕೂಗು, ಗುಂಪಿನ ಹಾಡು ಇಡಿ. ಯಂತ್ರದ ಮನೆಯ ಒಳಗೆ ಮಾತ್ರ ಎಚ್ಚರ, ಮಾಡು ಎತ್ತರ ಇದ್ದರೆ ಮಾತು ತಿರುಗಿ ತಿರುಗಿ ಬಡಿಯುತ್ತದೆ. ಅಲ್ಲಿ ಸಾಲು ಚಿಕ್ಕದಿರಲಿ, ನಡುವೆ ಬಿಡುವು ಇರಲಿ.

ಜನರೇಟರ್ ತಂದರೆ ಎಲ್ಲ ಹಾಳು. ಅದರ ಗುಂಯ್ ಅನ್ನುವ ಸದ್ದು ನಿಮ್ಮ ಅಜ್ಜಿಯರ ಹಾಡನ್ನು ನುಂಗುತ್ತದೆ.

ಬೆಟಗೇರಿ ಸೊಸೆ
ಇದನ್ನು ತಂಡದ ಗ್ರೂಪಿಗೆ ಹಾಕಿದ್ದೇನೆ ಅಣ್ಣ. ತುಂಬಾ ಉಪಕಾರ ಆಯಿತು. ಭೋಂಗಾ ಸದ್ದಿಗೆ ಏನು ಮಾಡೋಣ?

ದನಿ ಸೆಟ್
ಶಂಖ ಊದುವವರು ಇದ್ದರೆ ಅವರನ್ನೇ ಕರೆಯಿರಿ. ಇಲ್ಲ ಅಂದರೆ ಕಹಳೆ. ರೆಕಾರ್ಡ್ ಹಾಕಬೇಡಿ.

ಕರಿಮಣ್ಣು
ನಾನು ರೈತ, ನಾಟಕದ ಬಗ್ಗೆ ಹೆಚ್ಚು ಗೊತ್ತಿಲ್ಲ, ಹತ್ತಿಯ ಬಗ್ಗೆ ಗೊತ್ತು. ಗಿರಣಿಯ ಕಥೆ ಗಿರಣಿಯ ಗೇಟಿನಲ್ಲಿ ಶುರುವಾಗುವುದಿಲ್ಲ, ಹೊಲದಲ್ಲಿ ಶುರುವಾಗುತ್ತದೆ. 1840ರ ದಶಕದಲ್ಲಿ ಇಂಗ್ಲಿಷರು ಅಮೆರಿಕದ ಬೀಜ ತಂದು ಧಾರವಾಡ ಸೀಮೆಯಲ್ಲಿ ಬಿತ್ತಿಸಿದರು. ಧಾರವಾಡ ಅಮೆರಿಕನ್ ಅಂತಲೇ ಆ ಹತ್ತಿಗೆ ಹೆಸರು ಬಿತ್ತು. ನಮ್ಮ ದೇಸಿ ಹತ್ತಿಗೆ ಕುಂಪ್ಟಾ ಅನ್ನುತ್ತಿದ್ದರು, ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು ಅದಕ್ಕೆ. ಗಾಡಿಗಳು ಘಟ್ಟ ಇಳಿದು ಹೋಗುತ್ತಿದ್ದವು. 1880ರ ದಶಕದಲ್ಲಿ ಹೊಟಗಿ ಗದಗ ರೈಲು ಬಂತು. ಗದಗಿನ ಹತ್ತಿ ಪೇಟೆ ಬೆಳೆದದ್ದು ಈ ಸುತ್ತಲಿನ ಎರೆ ಭೂಮಿಯಿಂದ, ಆ ರೈಲಿನಿಂದ.

ನಮ್ಮ ಅಪ್ಪ ಜಯಧರ ಬೆಳೆಯುತ್ತಿದ್ದರು. ಹಿಂಗಾರಿನ ಹಸಿಯಲ್ಲಿ ಬರುವ ಹತ್ತಿ ಅದು. 1972ರಲ್ಲಿ ಧಾರವಾಡದ ವಿಜ್ಞಾನಿ ಡಾ. ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಅನ್ನುವ ಹೈಬ್ರಿಡ್ ತಳಿ ಕೊಟ್ಟರು. ಆಮೇಲೆ ಹತ್ತಿ ಬದಲಾಯಿತು, ಹೆಣ್ಣುಮಕ್ಕಳ ಕೆಲಸವೂ ಬದಲಾಯಿತು. ಹೈಬ್ರಿಡ್ ಬೀಜ ಮಾಡಲು ಕ್ರಾಸಿಂಗ್ ಬೇಕು. ಇವತ್ತು ಸಂಜೆ ಮೊಗ್ಗಿನ ಗಂಡು ಭಾಗ ಉಗುರಿನಿಂದ ಬಿಡಿಸಿ ತೆಗೆಯಬೇಕು, ನಾಳೆ ಬೆಳಗ್ಗೆ ಬೇರೆ ಗಿಡದ ಪರಾಗ ತಂದು ಮುಟ್ಟಿಸಬೇಕು. ಒಂದೊಂದು ಹೂವಿಗೂ ಒಂದೊಂದು ಕೈ. ರಾಣೇಬೆನ್ನೂರು ಕಡೆ ಎಷ್ಟೋ ಹುಡುಗಿಯರ ಬೆಳಗು ಈ ಕೆಲಸದಲ್ಲೇ ಕಳೆದಿದೆ.

ನಿಮ್ಮ ಅಜ್ಜಿಯರಲ್ಲಿ ಹೊಲದಲ್ಲೂ ಗಿರಣಿಯಲ್ಲೂ ದುಡಿದವರು ಇರಲೇಬೇಕು. ಕೇಳಿ ನೋಡಿ. ಬಾಯಿಂದ ಹೇಳಿಸುವುದಷ್ಟೇ ಬೇಡ, ಕೈಯಿಂದ ಮಾಡಿ ತೋರಿಸಲು ಹೇಳಿ.

ಹಳೇ ಹುಬ್ಬಳ್ಳಿ
ಕರಿಮಣ್ಣು ಅಣ್ಣನ ಈ ಬರಹವೇ ಒಂದು ಪ್ರವೇಶ ಆಗುತ್ತದೆ.

ಬ್ಯಾಡಗಿ ಕಡ್ಡಿ
ಅಕ್ಕಾ, ಆ ಮಗನ ಪ್ರಶ್ನೆಗೆ ಬರುತ್ತೇನೆ. ನಾವೂ ಇದೇ ಪ್ರಶ್ನೆ ಎದುರಿಸಿದ್ದೇವೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಬಗ್ಗೆ ನಮ್ಮ ಗೆಳೆಯರ ಗುಂಪು ಒಂದು ಆಟ ಕಟ್ಟಿತು. ಅವರು ಕೂರುವ ಶೆಡ್ಡಿನಲ್ಲೇ ಆಡಿದ್ದು. ನಾಟಕದ ಮುಂಚೆ ನಾವು ಮಾಡಿದ ಒಂದು ಕೆಲಸ ಎಲ್ಲವನ್ನೂ ಬದಲಾಯಿಸಿತು. ತಾಲೀಮನ್ನು ಮೊದಲು ಅವರಿಗೇ ತೋರಿಸಿದೆವು. ಒಬ್ಬ ಅವ್ವ ಎದ್ದು ಬಂದು ನಮ್ಮ ಹುಡುಗಿಯ ಕೈ ಹಿಡಿದು "ಹಿಂಗ ಬಿಡಿಸಿದ್ರ ಸಂಜಿ ತನಕಾ ಒಂದ್ ಚೀಲಾನೂ ಆಗಂಗಿಲ್ಲ" ಅಂದು ಕೂರಿಸಿ ಕಲಿಸಿದರು. ಇನ್ನೊಬ್ಬರು "ನಾವು ಅಳಕೋತ ಕೆಲಸ ಮಾಡಂಗಿಲ್ಲ, ಖಾರಕ್ಕ ಕಣ್ಣಾಗ ನೀರು ಬರತಾವ, ಬಾಯಿ ಮಾತ್ರ ನಗತಿರತೈತಿ" ಅಂದರು. ನಮ್ಮ ನಾಟಕದ ಸ್ವರವೇ ಬೇರೆಯಾಯಿತು.

ಇನ್ನು ದುಡ್ಡು. ಅವರು ನಮ್ಮ ಜೊತೆ ಕೂತ ಹೊತ್ತಿಗೆ ಅವರ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಟ್ಟೆವು. ಇದು ದಾನ ಅಲ್ಲ, ಉಪಕಾರವೂ ಅಲ್ಲ. ಮೇಷ್ಟ್ರಿಗೆ ಪಾಠಕ್ಕೆ ಸಂಬಳ ಕೊಡುವುದಿಲ್ವಾ, ಹಾಗೆ. ಹೆಸರು ಹೇಳಬೇಕೋ ಬೇಡವೋ ಅಂತ ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳಿದೆವು. ಗುಂಪಲ್ಲಿ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಅತ್ತಿಕೊಳ್ಳದ ಹುಡುಗ
ದುಡ್ಡು ಕೊಟ್ಟರೆ ಜನ ಕಥೆ ಹುಟ್ಟಿಸಿ ಹೇಳಲು ಶುರು ಮಾಡುತ್ತಾರೆ. ಹವ್ಯಾಸಿ ತಂಡದ ನಟರಿಗೇ ದುಡ್ಡಿಲ್ಲ, ಇವರಿಗೆ ಎಲ್ಲಿಂದ ತರುವುದು? ಕಲೆಗೆ ವ್ಯಾಪಾರ ಬೇಡ.

ಬ್ಯಾಡಗಿ ಕಡ್ಡಿ
ನಟರು ಬೇಕು ಅಂತ ಬಂದವರು ತಮ್ಮಾ. ಕೆಲಸ ಮುಗಿಸಿ ಸಂಜೆ ಬರುತ್ತಾರೆ. ಆ ಅವ್ವ ನಾವು ಬಾಗಿಲು ಬಡಿದದ್ದಕ್ಕೆ ಕೆಲಸ ಬಿಟ್ಟು ಕೂತವರು. ಎರಡೂ ಒಂದೇ ಅಲ್ಲ. ಕಥೆ ಹುಟ್ಟಿಸುತ್ತಾರೆ ಅನ್ನುವ ಮಾತು ನನಗೆ ಬೇಜಾರು ತಂದಿತು. ಅವರ ಹತ್ತಿರ ಇರುವುದರಲ್ಲಿ ಕಾಲು ಭಾಗ ಕೂಡ ನಾವು ಕೇಳಿಸಿಕೊಂಡಿರುವುದಿಲ್ಲ.

ಅತ್ತಿಕೊಳ್ಳದ ಹುಡುಗ
ನಾನು ಹೇಳಿದ್ದು ಎಲ್ಲರ ಬಗ್ಗೆ ಅಲ್ಲ. ಆದರೂ ನಗದು ಕೊಡುವುದಕ್ಕಿಂತ ಹುಂಡಿ ಇಟ್ಟು ಬಂದದ್ದನ್ನು ಕೊಡುವುದು ವಾಸಿ.

ಬ್ಯಾಡಗಿ ಕಡ್ಡಿ
ಹುಂಡಿಯಲ್ಲಿ ಎಷ್ಟು ಬೀಳುತ್ತದೆ ಅಂತ ಯಾರಿಗೆ ಗೊತ್ತು? ಹೋದ ಕೂಲಿ ಮಾತ್ರ ಇಷ್ಟೇ ಅಂತ ಗೊತ್ತಿರುತ್ತದೆ.

ಹಂಗಲದಾಂವ
ನಮ್ಮ ಹಾನಗಲ್ ತಾಲೂಕಿನ ಶೇಷಗಿರಿಗೆ ಒಮ್ಮೆ ಹೋಗಿ ಬನ್ನಿ. ಚಿಕ್ಕ ಊರು. ರೈತರೇ ನಟರು. ಊರಿಗೆ ಸ್ವಂತ ರಂಗಮಂದಿರ ಇದೆ, ಹೊರಗಿನ ತಂಡಗಳು ಅಲ್ಲಿ ಆಡಲು ಬರುತ್ತವೆ. ನಾಟಕ ಊರಿನವರದ್ದು ಅನ್ನಿಸಿದರೆ "ಆಕಿಗೇನು ಬಂತು" ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಬೆಟಗೇರಿ ಸೊಸೆ
ಬ್ಯಾಡಗಿ ಅಕ್ಕಾ, ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳುವ ಮಾತು ನಮಗೆ ಹೊಳೆದಿರಲಿಲ್ಲ. ಹಾಗೇ ಮಾಡುತ್ತೇವೆ.

ಲಕ್ಕುಂಡಿ ದಾರಿ
ಗಿರಣಿ ಯಾಕೆ? ಲಕ್ಕುಂಡಿ ನಿಮ್ಮಿಂದ ಹನ್ನೆರಡು ಕಿಲೋಮೀಟರ್. ಮುಸುಕಿನ ಬಾವಿ ಇದೆ, ಕಾಶಿವಿಶ್ವೇಶ್ವರ ಗುಡಿ ಇದೆ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೆ. ಅಂಥ ಕಲ್ಲಿನ ನಡುವೆ ಆಡಿದರೆ ಬೇರೆ ಬೆಳಕೇ ಬೇಡ.

ಹಳೇ ಹುಬ್ಬಳ್ಳಿ
ಅಲ್ಲಿ ಆಡಲು ಬಿಡುವುದಿಲ್ಲ. ಸ್ಮಾರಕದಿಂದ 100 ಮೀಟರ್ ಒಳಗೆ ಏನೂ ಮಾಡುವಂತಿಲ್ಲ.

ಧಾರವಾಡ ಮಳೆ
ಸ್ವಲ್ಪ ತಿದ್ದುತ್ತೇನೆ. 100 ಮೀಟರ್ ನಿಯಮ ಕಟ್ಟಡ ಕಟ್ಟುವುದಕ್ಕೆ ಸಂಬಂಧಪಟ್ಟದ್ದು, ನಾಟಕಕ್ಕಲ್ಲ. ಕೇಂದ್ರ ಪುರಾತತ್ವ ಇಲಾಖೆ ಕಾಯುವ ಸ್ಮಾರಕದ ಒಳಗೆ ಸಭೆ, ಮನರಂಜನೆ ಏನೇ ಮಾಡಬೇಕಾದರೂ ಮುಂಚೆ ಬರಹದಲ್ಲಿ ಅನುಮತಿ ಬೇಕು. ಇನ್ನು ಎಲ್ಲೇ ಆಡಲಿ, ಮೈಕ್ ಹಾಕುವುದಾದರೆ ಪೊಲೀಸ್ ಠಾಣೆಯಲ್ಲಿ ಅರ್ಜಿ ಕೊಡಬೇಕು. ರಾತ್ರಿ 10ರ ಮೇಲೆ ಬಯಲಲ್ಲಿ ಮೈಕ್ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಬಾವಿಯ ಮೆಟ್ಟಿಲ ಮೇಲೆ ಜನರನ್ನು ಕತ್ತಲಲ್ಲಿ ಇಳಿಸುವುದೇ ತಪ್ಪು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಲಕ್ಕುಂಡಿಯ ಚೆಂದ ಎಲ್ಲರಿಗೂ ಗೊತ್ತು. ಗಿರಣಿಯ ಕಡೆ ಯಾರೂ ತಿರುಗಿ ನೋಡಿಲ್ಲ. ಅಲ್ಲಿ ದುಡಿದವರು ಇನ್ನೂ ಬದುಕಿದ್ದಾರೆ, ಅವರನ್ನು ಕೇಳಬಹುದು. ಹತ್ತು ವರ್ಷ ಬಿಟ್ಟರೆ ಕೇಳಲು ಯಾರೂ ಇರುವುದಿಲ್ಲ.

ಬೀದಿಯವನು
ಒಬ್ಬರೂ ಬೀದಿ ನಾಟಕದ ಹೆಸರು ಎತ್ತಲಿಲ್ಲ. ನಾನು ಆ ಕಾಲದವನು. ನಮ್ಮ ರಾಜ್ಯದ ‘ಸಮುದಾಯ’ ನಾಟಕ ಸಂಘಟನೆ 1975ರಲ್ಲಿ ಹುಟ್ಟಿತು, 1979ರಲ್ಲಿ ರಾಜ್ಯದ ಹಳ್ಳಿಗಳಿಗೆ ಜಾಥಾ ಹೊರಟಿತು. ವರ್ತುಲದಲ್ಲಿ ಜನ, ನಡುವೆ ನಾವು. ದಿಲ್ಲಿಯ ಬೀದಿ ನಾಟಕಕಾರ ಸಫ್ದರ್ ಹಶ್ಮಿಯ ಮೇಲೆ 1989ರ ಜನವರಿ 1ರಂದು ದಿಲ್ಲಿ ಹತ್ತಿರ ನಾಟಕ ಆಡುತ್ತಿರುವಾಗಲೇ ಹಲ್ಲೆ ಆಯಿತು, ಮರುದಿನ ಅವನು ತೀರಿಕೊಂಡ. ಅವನ ತಂಡದವರು 4ನೇ ತಾರೀಖು ಅದೇ ಜಾಗಕ್ಕೆ ಹೋಗಿ ನಿಂತುಹೋಗಿದ್ದ ನಾಟಕವನ್ನು ಆಡಿ ಮುಗಿಸಿದರು. ಜಾಗ ಅಂದರೆ ನನಗೆ ಅದು.

ಬೀದಿ ನಾಟಕ ಎಲ್ಲಿ ಬೇಕಾದರೂ ಹೋಗುತ್ತದೆ, ಅದು ಅದರ ಬಲ. ನಿಮ್ಮದು ಹೋಗುವುದಿಲ್ಲ. ಹಾಗಿದ್ದರೆ ಆ ಒಂದೇ ಜಾಗದಲ್ಲಿ ನಿಂತು ಏನು ಹೇಳುತ್ತೀರಿ ಅನ್ನುವುದು ಬಹಳ ಮುಖ್ಯ. ಒಂದು ನೇರ ಪ್ರಶ್ನೆ: ಕೀಲಿ ಕೊಟ್ಟವರು ಮಾಲೀಕರ ಮನೆಯವರು. ಅರ್ಧ ದಿನದ ಪಗಾರ ಕಡಿದವರೂ ಅವರ ಹಿರಿಯರೇ. ಆ ಪ್ರವೇಶ ಆಡುತ್ತೀರಾ, ಕೈಬಿಡುತ್ತೀರಾ?

ಬೆಟಗೇರಿ ಸೊಸೆ
ಈ ಪ್ರಶ್ನೆ ತಂಡದಲ್ಲಿ ಇನ್ನೂ ಎದ್ದಿಲ್ಲ. ಎದ್ದೇ ಏಳುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ಕೈಬಿಡುವುದಿಲ್ಲ. ಅಜ್ಜಿಯರು ಎಲ್ಲಕ್ಕಿಂತ ಮೊದಲು ಹೇಳಿದ್ದೇ ಅದನ್ನು.

ಕಾಲ್ಪೆಟ್ಟಿಗೆ ಮಾಸ್ತರ
ಮನೆಗೆ ಕರೆದು ಕೀಲಿ ಕೊಟ್ಟವರ ಅಂಗಳದಲ್ಲೇ ಅವರ ಹಿರಿಯರನ್ನು ಬೈಯುವುದು ಯಾವ ರೀತಿ? ಉಂಡ ಮನೆ ಜಂತಿ ಎಣಿಸಬಾರದು.

ಬೀದಿಯವನು
ಉಂಡವರು ಯಾರು, ಉಪವಾಸ ಇದ್ದವರು ಯಾರು ಅಂತಲೂ ಕೇಳಬೇಕಲ್ಲ ಮಾಸ್ತರ್.

ಧಾರವಾಡ ಮಳೆ
ಬೈಯುವ ಅಗತ್ಯ ಇಲ್ಲ. ಆದದ್ದನ್ನು ಆದಂತೆ ತೋರಿಸಿದರೆ ಸಾಕು. ಭೋಂಗಾ ಆಯಿತು, ಗೇಟು ಮುಚ್ಚಿತು, ಕಂಕುಳಲ್ಲಿ ಕೂಸು ಇಟ್ಟುಕೊಂಡವಳು ಹೊರಗೆ ಉಳಿದಳು. ನೋಡುವ ಜನರನ್ನೂ ಆ ಹೊತ್ತಿಗೆ ಗೇಟಿನ ಹೊರಗೆ ಅವಳ ಪಕ್ಕದಲ್ಲೇ ನಿಲ್ಲಿಸಿ. ಮಾಲೀಕರ ಪಾತ್ರವೇ ಬೇಡ, ಗೇಟೇ ಸಾಕು.

ಜಗ್ಗಲಿಗೆ
ವಾಹ್. ಇದನ್ನು ಯಾವ ರಂಗಮಂದಿರದಲ್ಲಿ ಮಾಡುತ್ತೀರಿ ಮಾಸ್ತರ್?

ಮಿರ್ಚಿ ಗಿರ್ಮಿಟ್
ತಾಲೀಮು ಮುಗಿದ ಮೇಲೆ ಎಲ್ಲಿ ತಿನ್ನುತ್ತೀರಿ ಅಂತ ಯಾರೂ ಹೇಳಲಿಲ್ಲ. ನಮ್ಮ ತಂಡ ಉಳಿದಿರುವುದೇ ತಾಲೀಮಿನ ನಂತರದ ಗಿರ್ಮಿಟ್, ಮಿರ್ಚಿ ಭಜಿಯಿಂದ. ಜಗಳ ಆಡಿದವರು ಒಂದೇ ತಟ್ಟೆಗೆ ಕೈ ಹಾಕುತ್ತಾರೆ.

ಹಳೇ ಹುಬ್ಬಳ್ಳಿ
ಮಿರ್ಚಿ ಅಂದರೆ ದುರ್ಗದ ಬೈಲು. ಚರ್ಚೆಯೇ ಇಲ್ಲ.

ಗದಗಿನ ಗಾಳಿ
ಚರ್ಚೆ ಇದೆ. ಗದಗ ಬದನೆಕಾಯಿ ಭಜಿ ತಿಂದಿದ್ದೀರಾ?

ಧಾರವಾಡ ಮಳೆ
ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಗಿರಣಿ ಮುಗಿಸೋಣ.

ಸಿವಿಲ್ ಎಂಜಿನಿಯರ್
ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಹಳೇ ಯಂತ್ರದ ಮನೆಯ ಒಳಗೆ ಜನರನ್ನು ಕರೆದುಕೊಂಡು ಹೋಗುವ ಮುಂಚೆ ಮಾಡು ನೋಡಿಸಿದ್ದೀರಾ? ಮರದ ತೊಲೆಗೆ ಗೆದ್ದಲು ಹತ್ತಿದ್ದರೆ ಹೊರಗಿನಿಂದ ಕಾಣುವುದಿಲ್ಲ, ಸುತ್ತಿಗೆಯಿಂದ ಬಡಿದರೆ ಪೊಳ್ಳು ಸದ್ದು ಬರುತ್ತದೆ. ಹಂಚು ಸಡಿಲ ಇರುತ್ತದೆ, ಕುಣಿತದ ಅದುರಿಗೇ ಜಾರಬಹುದು. ಅಂಗಳದಲ್ಲಿ ಬಾವಿ ಇದ್ದರೆ ಬಲವಾದ ಬೇಲಿ ಹಾಕಿ, ಹಗ್ಗ ಕಟ್ಟಿದರೆ ಸಾಲದು. ಅಂಡಿಗೆ ಒತ್ತುವ ಗುಂಡಿ ಇರುತ್ತದೆ, ಅದರ ಮೇಲೆ ಹಲಗೆ ಮುಚ್ಚಿ. ಹಳೇ ಅರಳೆಯ ಧೂಳು ಮೂಲೆಯಲ್ಲಿ ಉಳಿದಿದ್ದರೆ ಪಂಜು, ಲಾಟೀನು ಒಳಗೆ ತರಬೇಡಿ, ಕಿಡಿ ಸಾಕು. ಬ್ಯಾಟರಿ ದೀಪ ಬಳಸಿ. ಮುಚ್ಚಿದ ಜಾಗದಲ್ಲಿ ಹಾವು ಇರುವುದು ಮಾಮೂಲು, ನಾಲ್ಕು ದಿನ ಮುಂಚೆಯೇ ಕಸ ತೆಗೆಸಿ. ನಾಟಕದ ಉತ್ಸಾಹದಲ್ಲಿ ಇದೆಲ್ಲ ಮರೆತುಹೋಗುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬೆಟಗೇರಿ ಸೊಸೆ
ಪಂಜು ಹಿಡಿದು ಒಳಗೆ ಹೋಗುವ ಯೋಚನೆ ಇತ್ತು ಸರ್. ಇವತ್ತೇ ತೆಗೆದುಹಾಕುತ್ತೇವೆ.

ಮೂಕ ಪ್ರೇಕ್ಷಕಿ
ನಾನು ಗದಗದವಳೇ, ನರ್ಸ್. ಇದನ್ನು ಓದಿ ಸೇರಬೇಕು ಅನ್ನಿಸುತ್ತಿದೆ. ಆದರೆ ನಾಲ್ಕು ಜನರ ಮುಂದೆ ಮಾತಾಡಲು ಬರುವುದಿಲ್ಲ. ಪಾರ್ಟು ಮಾಡದೆ ಇರಬಹುದಾ?

ಬೆಟಗೇರಿ ಸೊಸೆ
ಖಂಡಿತ ಬನ್ನಿ! ಇಂಥ ನಾಟಕದಲ್ಲಿ ಮಾತಾಡುವವರಿಗಿಂತ ಮಾತಾಡದವರ ಕೆಲಸ ಜಾಸ್ತಿ. ಜನರನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಕರೆದೊಯ್ಯಬೇಕು, ಕತ್ತಲಲ್ಲಿ ಹೆಜ್ಜೆ ತೋರಿಸಬೇಕು, ವಯಸ್ಸಾದವರ ಕೈ ಹಿಡಿಯಬೇಕು, ಹಿಂದೆ ಉಳಿದವರನ್ನು ಸೇರಿಸಿಕೊಳ್ಳಬೇಕು. ದಾರಿ ತೋರಿಸುವವರು ಸರಿಯಿಲ್ಲ ಅಂದರೆ ನಾಟಕ ಬಿದ್ದುಹೋಗುತ್ತದೆ. ಅಜ್ಜಿಯರ ಕೆಮ್ಮಿನ ಬಗ್ಗೆ ನಿಮಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅದನ್ನೂ ಹೇಳಿಕೊಡಿ.

ಮೂಕ ಪ್ರೇಕ್ಷಕಿ
ಹತ್ತಿ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಎದೆ ಬಿಗಿಯುವ ಕಾಯಿಲೆ ಬರುತ್ತದೆ. ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಅದು ಜಾಸ್ತಿ ಇರುತ್ತದೆ. ನಟರು ಸುಮ್ನೆ ಕೆಮ್ಮಿದರೆ ಸಾಲದು, ಉಸಿರು ಎಳೆಯಲು ಕಷ್ಟಪಡುವುದು ಕಾಣಬೇಕು. ಬರುತ್ತೇನೆ ಅಕ್ಕಾ.

ಕರಿಮಣ್ಣು
ಒಣ ಹತ್ತಿ, ಹತ್ತಿಕಾಳು ಬೇಕಾದರೆ ಹೇಳಿ. ಒಂದು ಚೀಲ ನಮ್ಮ ಮನೆಯಿಂದ.

ಬೆಟಗೇರಿ ಸೊಸೆ
ಎಲ್ಲರಿಗೂ ಹೊಸ ಸುದ್ದಿ ಹೇಳುತ್ತೇನೆ.

ಆ ಮಗನ ಮನೆಗೆ ಮತ್ತೆ ಹೋಗಿದ್ದೆವು. ಈ ಸಲ ಕಥೆ ಕೇಳಲಿಲ್ಲ, ಬರೆದದ್ದನ್ನು ಓದಿ ತೋರಿಸಿದೆವು. ಅಜ್ಜಿ ಒಂದು ಘಟನೆ ತೆಗೆಯಿರಿ ಅಂದರು. ತೆಗೆದೆವು, ಯಾಕೆ ಅಂತ ಕೇಳಲಿಲ್ಲ. ಹೆಸರು ಬೇಡ ಅಂದರು. ಇನ್ನಿಬ್ಬರು ಅಜ್ಜಿಯರು ತಮ್ಮ ಹೆಸರು ದೊಡ್ಡದಾಗಿ ಹೇಳಲೇಬೇಕು ಅಂದಿದ್ದಾರೆ. ಮೊದಲ ದಿನದ ಆಟ ಅಲ್ಲಿ ದುಡಿದವರಿಗೆ, ಅವರ ಮನೆಯವರಿಗೆ ಮಾತ್ರ. ಹೊರಗಿನವರಿಗೆ ಆಮೇಲೆ. ಮಗ ಇನ್ನೂ ಪೂರ್ತಿ ಒಪ್ಪಿಲ್ಲ. "ಮೊದಲ ದಿನ ನೋಡ್ತೀನಿ, ಆಮ್ಯಾಲ ಹೇಳ್ತೀನಿ" ಅಂದಿದ್ದಾರೆ. ಅವರು ಬೇಡ ಅಂದರೆ ಆ ಭಾಗ ಇರುವುದಿಲ್ಲ. ದುಡ್ಡಿನ ವಿಷಯದಲ್ಲಿ ಬ್ಯಾಡಗಿ ಅಕ್ಕನ ಮಾತಿನಂತೆ ತಂಡದವರೆಲ್ಲ ಕೈಯಿಂದ ಹಾಕಿ, ಅವರು ನಮ್ಮ ಜೊತೆ ಕಳೆದ ಹೊತ್ತಿಗೆ ಕೊಡುತ್ತಿದ್ದೇವೆ.

ಮಾಲೀಕರ ಮನೆಯವರಿಗೂ ಓದಿ ತೋರಿಸಿದೆವು. ಗೇಟಿನ ಪ್ರವೇಶ ಬಂದಾಗ ಮನೆಯ ಹಿರಿಯರು ಎದ್ದು ಒಳಗೆ ಹೋದರು. ಕೀಲಿ ವಾಪಸ್ ಕೇಳಿಲ್ಲ, ಆಡಿ ಅಂತಲೂ ಹೇಳಿಲ್ಲ. ಕೇಳಿದರೆ ಕೊಟ್ಟುಬಿಡುತ್ತೇವೆ. ಗೇಟಿನ ಹೊರಗಿನ ರಸ್ತೆ ಎಲ್ಲರದ್ದು, ಅಲ್ಲೇ ಆಡುತ್ತೇವೆ ಅಂತ ತಂಡದಲ್ಲಿ ಮಾತಾಗಿದೆ. ನಮ್ಮ ತಂಡದ ಹಿರಿಯರಿಗೆ ಇದು ಇಷ್ಟ ಇಲ್ಲ, ಆದರೆ ಬರುತ್ತಿದ್ದಾರೆ.

ಬೀದಿಯವನು
ರಸ್ತೆಯಲ್ಲಿ ಆಡುವುದಾದರೆ ಠಾಣೆಗೆ ಮುಂಚೆ ತಿಳಿಸಿ. ವಾಹನ ತಡೆಯಲು ಎರಡೂ ತುದಿಗೆ ಜನ ನಿಲ್ಲಬೇಕು. ನಾನೊಬ್ಬ ಬರುತ್ತೇನೆ.

ಕಾಲ್ಪೆಟ್ಟಿಗೆ ಮಾಸ್ತರ
ನನ್ನ ಮಾತು ನಾನು ಬದಲಾಯಿಸಿಲ್ಲ. ಆದರೆ ಅಜ್ಜಿಯರು ಹಾಡಿದ ಹಾಡನ್ನು ಶ್ರುತಿ ಇಲ್ಲದೆ ಹಾಡಿಸಬೇಡಿ. ಹೆಣ್ಣುಮಕ್ಕಳ ದನಿ ಯಾವ ಪಟ್ಟಿಗೆ ಕೂರುತ್ತದೆ ಅಂತ ನೋಡಬೇಕು. ತಾಲೀಮು ಎಷ್ಟು ಗಂಟೆಗೆ?

ಬೆಟಗೇರಿ ಸೊಸೆ
ದಿನಾ ಸಂಜೆ 5ಕ್ಕೆ ಮಾಸ್ತರ್. ದನಿ ಸೆಟ್ ಅಣ್ಣ ಹೇಳಿದಂತೆ ನಾಟಕದ ಹೊತ್ತಿಗೇ ಇಟ್ಟಿದ್ದೇವೆ. ಪೆಟ್ಟಿಗೆ ತರಲು ಆಟೋ ಕಳಿಸುತ್ತೇವೆ, ಮನೆ ಎಲ್ಲಿ ಅಂತ ಬೇರೆಯಾಗಿ ಮೆಸೇಜ್ ಮಾಡಿ.

ಅತ್ತಿಕೊಳ್ಳದ ಹುಡುಗ
ಹೊರಗಿನವರ ಆಟ ಯಾವಾಗ? ಧಾರವಾಡದಿಂದ ನಾವು ನಾಲ್ಕೈದು ಜನ ಬರುತ್ತೇವೆ.

ಬೆಟಗೇರಿ ಸೊಸೆ
ಸಂಕ್ರಾಂತಿ ಆದ ಮೇಲೆ. ಆ ಹೊತ್ತಿಗೆ ಸೂರ್ಯ ಮುಳುಗುವುದು ಸುಮಾರು 6:20ಕ್ಕೆ, ನಾವು 5:30ಕ್ಕೆ ಗೇಟಿನಲ್ಲಿ ಶುರು ಮಾಡುತ್ತೇವೆ. ತಡವಾಗಿ ಬಂದರೆ ಒಳಗೆ ಬಿಡಲು ಆಗುವುದಿಲ್ಲ, ಮೊದಲ ಪ್ರವೇಶವೇ ಗೇಟು ಮುಚ್ಚುವುದು. ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬನ್ನಿ, ಅಂಗಳದಲ್ಲಿ ಮುಳ್ಳಿದೆ.